ಹೊಸ ಹರಿಗೋಲಿಗೆ ಮೊದಲು ಹತ್ತುವವಳು

"ಅಜ್ಜಾ, ಯಾರಿಗಾಗಿ ನಿಯಮ ಮಾಡುತ್ತೇವೋ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಕೇ? ಅವರಿಗೆ ಅದು ತಿಳಿಯದಿದ್ದರೂ?"

ಹೀಗೆ ಕೇಳಿದವನು ಗುರುಪಾದ. ಜಿಲ್ಲೆಯ ಕಚೇರಿಯೊಂದರಲ್ಲಿ ಅಧಿಕಾರಿ. ಅಮಾವಾಸ್ಯೆಗೊಮ್ಮೆ ಹೊಳೆದಂಡೆಯ ಒಂದು ಸಣ್ಣ ಮಠಕ್ಕೆ ಬಂದು ಅಲ್ಲಿನ ಸ್ವಾಮಿಗಳಾದ ಅಜ್ಜಾರ ಪಾದಕ್ಕೆ ಎರಗಿ ಹೋಗುವ ಶಿಷ್ಯ. ಕಲಿಕೆ ನಿಧಾನವಾದವರಿಗೆ, ಅಕ್ಷರ ಅಂಕಿ ತಲೆಯಲ್ಲಿ ನಿಲ್ಲದವರಿಗೆ ಸರ್ಕಾರದ ಸೌಲಭ್ಯಗಳು ಸುಲಭವಾಗಿ ಸಿಗಲೆಂದು ಅವನ ಕಚೇರಿ ಫೋನಿನಲ್ಲಿ ಹೊಸದೊಂದು ವ್ಯವಸ್ಥೆ ಮಾಡುತ್ತಿತ್ತು. ಅದರ ಸಮಿತಿಗೆ ಅಂಥವರನ್ನೇ ಕೆಲವರನ್ನು ಸೇರಿಸಿಕೊಳ್ಳಿ ಎಂದು ಯಾರೋ ಸೂಚಿಸಿದ್ದರು. ಗುರುಪಾದನಿಗೆ ಇದು ಇರುಸುಮುರುಸಾಗಿತ್ತು. ಅವನು ಕೆಟ್ಟವನಲ್ಲ. ಅವರ ಒಳಿತನ್ನು ನಾವೇ ಕಾಳಜಿಯಿಂದ ನೋಡುತ್ತೇವೆ, ಸಭೆಯಲ್ಲಿ ಕೂರಿಸಿ ಅವರಿಗೇಕೆ ಕಷ್ಟ ಕೊಡಬೇಕು ಎಂಬುದು ಅವನ ವಾದ.

ಅಜ್ಜಾರು ದಾಸೋಹದ ಅಡಿಗೆಗೆ ಅವರೆಕಾಯಿ ಬಿಡಿಸುತ್ತಿದ್ದರು. ಒಂದು ಬೊಗಸೆ ಕಾಯಿ ಶಿಷ್ಯನ ಮುಂದೆಯೂ ಸುರಿದರು. ನಿನಗೆ ಸುಮ್ಮನೆ ಕೂತು ಕೇಳುವ ರೂಢಿಯಿಲ್ಲ, ಇದನ್ನು ಬಿಡಿಸುತ್ತ ಕೇಳು, ಆ ಫೋನನ್ನು ಅತ್ತ ಇಡು ಎಂದು ಹೇಳಿ ಕತೆ ಸುರು ಮಾಡಿದರು.

ಹೊಳೆಯ ದಂಡೆಗೆ ಒಂದು ಊರು. ಊರಿನ ಕೆಳಮಗ್ಗುಲಿಗೆ ಅಂಬಿಗರ ಓಣಿ. ಹರಿಗೋಲು ಕಟ್ಟುವುದು, ಜನರನ್ನು ಹೊಳೆ ದಾಟಿಸುವುದು, ಮೀನು ಹಿಡಿಯುವುದು ಅವರ ಕಸುಬು. ಆ ಓಣಿಯ ಮಕ್ಕಳು ನಡೆಯುವ ಮೊದಲೇ ಈಜುತ್ತಾರೆ ಎಂದು ಊರವರು ಹೇಳುತ್ತಿದ್ದರು.

ಅಂಬಿಗರಲ್ಲಿ ಒಂದು ಪದ್ಧತಿ ಇತ್ತು. ಹೊಸ ಹರಿಗೋಲನ್ನು ಬಿದಿರಿನಲ್ಲಿ ಹೆಣೆದು, ಡಾಂಬರು ಬಳಿದು, ಒಣಗಿಸಿ ನೀರಿಗೆ ಬಿಟ್ಟ ದಿನ ಅದರಲ್ಲಿ ಮೊದಲು ಈಜು ಬಾರದವರನ್ನು ಕೂರಿಸಬೇಕು. ಬೇರೆ ಕಡೆ ಕಾಯಿ ಒಡೆದು ಯಜಮಾನನನ್ನು ಕೂರಿಸುತ್ತಾರೆ. ಇವರೂ ಕಾಯಿ ಒಡೆಯುತ್ತಿದ್ದರು, ಅದಕ್ಕೇನೂ ಕಡಿಮೆ ಮಾಡುತ್ತಿರಲಿಲ್ಲ. ಆದರೆ ಯಜಮಾನ ದಂಡೆಯ ಮೇಲೆ ನಿಲ್ಲುತ್ತಿದ್ದ. ಹರಿಗೋಲು ಒಂದು ಸುತ್ತು ಹೋಗಿ ಬಂದ ಮೇಲೆ, ಕೂತವರು ಸರಿ ಎಂದರೆ ಸರಿ. ವಾಲುತ್ತದೆ ಎಂದರೆ ಕಟ್ಟಿದವನು ತುಟಿಪಿಟಕ್ಕೆನ್ನದೆ ಅದನ್ನು ದಂಡೆಗೆಳೆದು ಬಿದಿರು ಬಿಚ್ಚಬೇಕು. ವಾದ ಮಾಡುವಂತಿಲ್ಲ.

ಅಂಥ ಓಣಿಯಲ್ಲಿ ಈಜು ಬಾರದವರು ಸಿಗಬೇಕಲ್ಲ? ಒಬ್ಬಳಿದ್ದಳು. ಅವಳ ಹೆಸರು ದುಂಡವ್ವ. ಮೂವತ್ತರ ಆಸುಪಾಸಿನ ಹೆಂಗಸು. ಶಾಲೆಗೆ ಹೋಗಿದ್ದಳು, ಅಕ್ಷರ ಅವಳ ಹತ್ತಿರ ನಿಲ್ಲಲಿಲ್ಲ. ಒಮ್ಮೆಗೇ ಎರಡು ಮಾತು ಹೇಳಿದರೆ ಎರಡೂ ಹೋಗುತ್ತಿದ್ದವು. ಒಂದಾದ ಮೇಲೆ ಒಂದು ಹೇಳಿದರೆ ಎರಡೂ ಉಳಿಯುತ್ತಿದ್ದವು. ಅಷ್ಟು ತಾಳ್ಮೆ ಯಾರಿಗಿದೆ? ದಡ್ಡಿ ಎಂದು ಒಂದು ಹೆಸರಿಟ್ಟರು, ಊರಿನ ಕೆಲಸ ಮುಗಿಯಿತು. ಅವಳ ತಂದೆ ಹೊಳೆಗೆ ಹೋದವನು ತಿರುಗಿ ಬಂದಿರಲಿಲ್ಲ. ಅಂದಿನಿಂದ ತಾಯಿ ಕಾಶವ್ವ ಮಗಳನ್ನು ನೀರಿಗೆ ಇಳಿಸಲಿಲ್ಲ, ಈಜು ಕಲಿಸಲೂ ಬಿಡಲಿಲ್ಲ. ಹೀಗಾಗಿ ಪ್ರತಿ ಹೊಸ ಹರಿಗೋಲಿಗೂ ದುಂಡವ್ವನೇ ಬೇಕು. ಆ ದಿನ ಅವಳು ತಲೆಗೆ ಎಣ್ಣೆ ಹಚ್ಚಿ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬರುತ್ತಿದ್ದಳು. ಎರಡೂ ಕೈಯಿಂದ ಅಂಚನ್ನು ಹಿಡಿದು ಕೂರುತ್ತಿದ್ದಳು. ಹೆದರಿಕೆ ಇರುತ್ತಿತ್ತು. ಆದರೂ ಒಮ್ಮೆಯೂ ಒಲ್ಲೆ ಎಂದವಳಲ್ಲ.

ಕಾಶವ್ವ ದಿನವೂ ಮೀನಿನ ಬುಟ್ಟಿ ಹೊತ್ತು ಮೇಲಿನ ಪೇಟೆಗೆ ಹೋಗುವಳು. ಮನೆಯಲ್ಲಿ ಮಗಳೊಬ್ಬಳೇ. ಮನೆ ಓಣಿಯಲ್ಲೇ ಎಲ್ಲಕ್ಕಿಂತ ಕೆಳಗಿನದು. ಮೇಲೆ ಎಲ್ಲೋ ಅಣೆಕಟ್ಟು ಇತ್ತು. ಅದರ ಬಾಗಿಲು ತೆರೆದರೆ ಹೊಳೆ ಮೊದಲು ತಟ್ಟುವುದು ಆ ಮನೆಯ ಕದವನ್ನೇ. ತಾನಿಲ್ಲದಾಗ ನೀರು ಬಂದರೆ ಈ ಕೂಸು ಎದ್ದು ಮೇಲೆ ಹೋದೀತೇ ಎಂಬ ಒಂದು ಚಿಂತೆಯನ್ನು ಕಾಶವ್ವ ಬುಟ್ಟಿಯ ಜೊತೆಗೆ ಹೊತ್ತು ಹೋಗಿ, ಬುಟ್ಟಿಯ ಜೊತೆಗೆ ಹೊತ್ತು ಬರುತ್ತಿದ್ದಳು. ಮೂವತ್ತು ವರ್ಷದ ಮಗಳು ತಾಯಿಗೆ ಕೂಸೇ, ತಮ್ಮಾ.

ಒಂದು ಸಲ ನೀರು ನುಗ್ಗಿ ಓಣಿಯ ದನಕರು ಹೋದವು. ಆಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಅಣೆಕಟ್ಟಿನ ಬಾಗಿಲು ತೆರೆಯುವ ಮೊದಲೇ ಫೋನಿನಲ್ಲಿ ಎಚ್ಚರಿಕೆ ಕೊಡುವ ವ್ಯವಸ್ಥೆ ಮಾಡಬೇಕೆಂದು ಒಬ್ಬ ಎಂಜಿನಿಯರನನ್ನು ಕಳಿಸಿತು. ಅವನು, ಪಂಚಾಯಿತಿ ಅಧ್ಯಕ್ಷ, ಶಾಲೆಯ ಹೆಡ್‌ಮಾಸ್ತರರು, ಓಣಿಯ ಬಾಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಸಾಹುಕಾರ ಕೂಡಿ ಸಮಿತಿ ಆಯಿತು. ಓಣಿಯ ದೊಡ್ಡವರಿಗೆಲ್ಲ ಒಂದೊಂದು ಫೋನು ಬಂತು. ನೀರು ಬರುವಾಗ ಫೋನು ಕಿರುಚಬೇಕು, ತೆರೆಯ ಮೇಲೆ ಎಷ್ಟು ನೀರು, ಯಾವ ಹೊತ್ತಿಗೆ, ಯಾವ ದಾರಿ ಎಂಬ ಬರಹ ಬರಬೇಕು. ಓದಿದವರು ಕೆಳಗಿನ ದೊಡ್ಡ ಗುಂಡಿಯನ್ನು ಒತ್ತಬೇಕು. ಒತ್ತಿದರೆ ಅವರಿಗೆ ತಿಳಿಯಿತು ಎಂದು ಲೆಕ್ಕ, ಪಂಚಾಯಿತಿಯ ಹೊಣೆ ಅಲ್ಲಿಗೆ ತೀರಿತು ಎಂದು ನಿಯಮ. ಕಾಲೇಜು ಓದಿದವರನ್ನು ಕರೆದು ಪರೀಕ್ಷೆ ಮಾಡಿದರು. ಎಲ್ಲರೂ ಪಟಪಟ ಓದಿ ಒತ್ತಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ, ಉದ್ಘಾಟನೆಯ ಬ್ಯಾನರೂ ಬಂದುಬಿಟ್ಟಿತು.

ನೋಡು, ಹರಿಗೋಲಿಗೆ ಈಜು ಬಾರದವರನ್ನು ಹುಡುಕಿ ಕೂರಿಸುವ ಊರು ಅದು. ಫೋನಿಗೆ ಮಾತ್ರ ಈಜುಗಾರರನ್ನೇ ಕೂರಿಸಿತು. ಹೊಸ ಸಾಮಾನು ಬಂದಾಗ ನಮಗೆಲ್ಲ ಹೀಗೇ ಆಗುತ್ತದೆ, ಹಳೆಯ ಬುದ್ಧಿ ಹಳೆಯ ಸಾಮಾನಿನ ಜೊತೆ ಅಟ್ಟಕ್ಕೆ ಹೋಗುತ್ತದೆ.

ಉದ್ಘಾಟನೆಯ ದಿನ ಶಾಲೆಯ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಕಾಶವ್ವ ಮಗಳ ಕೈ ಹಿಡಿದು ಮುಂದೆ ಬಂದಳು. ಇವಳಿಗೂ ಒಮ್ಮೆ ತೋರಿಸಿ ಎಂದು ಕೇಳಿಕೊಂಡಳು. ಎಂಜಿನಿಯರ್ ಸಭ್ಯ ಮನುಷ್ಯ, ತೋರಿಸಿದ. ಫೋನು ಕಿರುಚಿತು. ದುಂಡವ್ವ ಬೆಚ್ಚಿದಳು. ತೆರೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದನ್ನು ಒತ್ತಿದಳು. ಕಿರುಚಾಟ ನಿಂತಿತು. ಅವಳು ಸಮಾಧಾನದಿಂದ ನಕ್ಕು, ಅಲ್ಲೇ ನೆಲಕ್ಕೆ ಕೂತಳು. ಊರು ಗೊಳ್ಳೆಂದು ನಕ್ಕಿತು. ಊರಿಗೊಂದು ದಾರಿಯಾದರೆ ಇವಳಿಗೊಂದು ದಾರಿ ಎಂದು ಸಾಹುಕಾರ ಚಟಾಕಿ ಹಾರಿಸಿದ. ಇಂಥವರಿಗೆ ಪಕ್ಕದ ಮನೆಯವರು ನೆರವಾದರೆ ಸಾಕು ಎಂದು ಅಧ್ಯಕ್ಷ ಕೈ ಝಾಡಿಸಿದ.

ದುಂಡವ್ವ ಆ ಫೋನನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಹೇಳಿದಳು:

"ಇದು ವಾಲ್ತದ."

ಅಂಬಿಗರ ನಗು ಅಲ್ಲೇ ನಿಂತಿತು. ಆ ಮಾತು ಅವರಿಗೆ ಗೊತ್ತಿತ್ತು. ಅವರೆಲ್ಲ ಅವಳ ಆ ಒಂದು ಮಾತಿಗೆ ಬಿದಿರು ಬಿಚ್ಚಿದವರು, ಅವಳು ಸರಿ ಎಂದ ಹರಿಗೋಲಿನಲ್ಲಿ ಹೆಂಡತಿ ಮಕ್ಕಳನ್ನು ದಾಟಿಸಿದವರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂಜಿನಿಯರನಿಗೆ ಏನೂ ಅರ್ಥವಾಗಲಿಲ್ಲ. ಹಾಗೆಂದರೇನು ಎಂದು ಕಾಶವ್ವನನ್ನು ಕೇಳಿದ. ಅವಳು ತಮ್ಮ ಪದ್ಧತಿಯನ್ನು ವಿವರಿಸಿದಳು. ಅವನಿಗೆ ವಿಚಿತ್ರವೆನಿಸಿತು. ಈಜು ಬರುವವರನ್ನು ಕೂರಿಸಿದರೆ ಅಪಾಯ ಕಡಿಮೆಯಲ್ಲವೇ ಎಂದ.

ಕಾಶವ್ವ ಹೇಳಿದಳು: "ಈಜು ಬರಾವ್ರು ಹರಿಗೋಲಿನ ತಪ್ಪು ಹೇಳಂಗಿಲ್ರಿ ಸಾಹೇಬ್ರ. ಅದು ಮುಳುಗಿದ್ರೂ ಅವ್ರಿಗೆ ನಡೀತದ."

ಎಂಜಿನಿಯರ್ ಆ ಫೋನನ್ನು ದುಂಡವ್ವನ ಕೈಯಿಂದ ತೆಗೆದುಕೊಂಡು ತಾನೂ ತಿರುಗಿಸಿ ನೋಡಿದ. ಆಮೇಲೆ ಬ್ಯಾನರ್ ಇಳಿಸಿ ಎಂದ. ಅವನನ್ನು ಇದಕ್ಕಾಗಿ ಮೆಚ್ಚಬೇಕು, ತಮ್ಮಾ. ಕಟ್ಟಿದ್ದನ್ನು ಬಿಚ್ಚುವ ಎದೆ ಎಲ್ಲರಿಗೂ ಇರುವುದಿಲ್ಲ.

ಮರುದಿನದಿಂದ ದುಂಡವ್ವ ಸಮಿತಿಯಲ್ಲಿ ಕೂತಳು. ಕತೆಯೆಂದು ನೀನು ಸುಲಭ ಮಾಡಿಕೊಳ್ಳಬೇಡ, ಆ ಕೆಲಸ ಸುಲಭವಾಗಿರಲಿಲ್ಲ. ಅವಳಿಗೆ ಬೇಗ ದಣಿವಾಗುತ್ತಿತ್ತು. ಕೆಲವು ದಿನ ಬಾಯಿಯೇ ಬಿಡುತ್ತಿರಲಿಲ್ಲ. ಕೆಲವು ದಿನ ಸಭೆಯ ನಡುವೆ ಎದ್ದು ಹೋಗಿ ಕಟ್ಟೆಯ ಮೇಲೆ ಶೇಂಗಾ ತಿನ್ನುತ್ತ ಕೂರುತ್ತಿದ್ದಳು. ಅಧ್ಯಕ್ಷ ಗಡಿಯಾರ ನೋಡಿಕೊಳ್ಳುತ್ತಿದ್ದ. ಅವಳಿಗೆ ತಿಳಿಯುವಂತೆ ಒಂದು ಹೊತ್ತಿಗೆ ಒಂದೇ ಮಾತು ಆಡಬೇಕಾಗಿತ್ತು. ಹಾಗೆ ಆಡಲು ಹೋದಾಗ, ತಾವು ಆಡುತ್ತಿದ್ದ ಮಾತುಗಳಲ್ಲಿ ಅರ್ಧದಷ್ಟು ತಮಗೇ ತಿಳಿದಿರಲಿಲ್ಲ ಎಂಬುದು ಸಮಿತಿಗೆ ಗೊತ್ತಾಯಿತು. ಹೆಡ್‌ಮಾಸ್ತರರು ಅದನ್ನು ಒಪ್ಪಿಕೊಂಡರು, ಉಳಿದವರು ಕೆಮ್ಮಿದರು.

ನಾನೊಬ್ಬಳೇ ಸಾಲದು, ಕುಂಬಾರ ಓಣಿಯ ಲಗಮಣ್ಣನನ್ನೂ ಕರೆಯಿರಿ ಎಂದಳು ದುಂಡವ್ವ. ಅವನೂ ಅವಳ ಹಾಗೆಯೇ, ಜೋರು ಸದ್ದಾದರೆ ಮಂಚದ ಕೆಳಗೆ ಸೇರುವವನು. ಅವನು ಬಂದ ಮೇಲೆ ಫೋನಿನ ಕಿರುಚಾಟ ಹೋಯಿತು. ಆಚೆ ದಂಡೆಯವರನ್ನು ಕರೆಯಲು ಅಂಬಿಗರು ಹಾಕುವ ಉದ್ದನೆಯ ಕೂಗು ಅದರ ಜಾಗಕ್ಕೆ ಬಂತು. ಆ ಕೂಗಿಗೆ ಊರಿನಲ್ಲಿ ಯಾರೂ ಹೆದರುವವರಿಲ್ಲ, ಆದರೆ ಯಾರೂ ಕೂತಿರುವವರೂ ಇಲ್ಲ. ಬರಹ ಹೋಯಿತು, ಅದರ ಜಾಗಕ್ಕೆ ಊರಿನ ಮೇಲೆ ನೀರು ಮುಟ್ಟದ ದಿಬ್ಬದ ಚಿತ್ರ ಒಂದೇ ಬಂತು. ಗುಂಡಿ ಮಾತ್ರ ಉಳಿದಿತ್ತು.

ಗುಂಡಿಯ ಮಾತು ಬಂದ ದಿನ ದುಂಡವ್ವ ಅದನ್ನು ಒತ್ತಿ, ಬಾಗಿಲ ಕಡೆ ನೋಡುತ್ತ ಕೂತಳು. ಯಾಕೆ ಅತ್ತ ನೋಡುತ್ತೀ ಎಂದು ಹೆಡ್‌ಮಾಸ್ತರರು ಕೇಳಿದರು.

"ಒತ್ತಿದ ಮ್ಯಾಲ ಯಾರು ಬರ್ತಾರ?" ಎಂದಳು ಅವಳು.

ಒತ್ತಿದ ಮೇಲೆ ಯಾರಾದರೂ ಬರಬೇಕೆಂದು ಅವರ ನಿಯಮದಲ್ಲಿ ಎಲ್ಲೂ ಇರಲಿಲ್ಲ. ಇಷ್ಟು ದಿನ ಆ ಗುಂಡಿ ಒತ್ತಿದವರನ್ನು ಉಳಿಸುವುದಕ್ಕೆ ಇದೆ ಎಂದು ಅವರು ತಿಳಿದಿದ್ದರು. ಅದು ಇದ್ದದ್ದು ತಮ್ಮನ್ನು ಉಳಿಸಿಕೊಳ್ಳುವುದಕ್ಕೆ. ಅಂದು ಗುಂಡಿಯೂ ಹೋಯಿತು, ನಿಯಮವೂ ಬದಲಾಯಿತು. ದಿಬ್ಬದ ಮೇಲೆ ಆ ಫೋನುಗಳಿಗೆ ಹೊಂದಿಸಿದ ಒಂದು ಹಲಗೆ ಇಟ್ಟರು. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿತ್ರದ ಗುರುತು. ಕಾಶವ್ವನದು ಹುಟ್ಟುಗೋಲು, ಸಾಹುಕಾರನದು ತಕ್ಕಡಿ, ಹೀಗೆ. ದಿಬ್ಬಕ್ಕೆ ಬಂದವರನ್ನು ಹಲಗೆಯ ಮುಂದೆ ನಿಂತವರು ಕಣ್ಣಾರೆ ಕಂಡು ಅವರ ಗುರುತನ್ನು ಮುಟ್ಟಿದಾಗ ಮಾತ್ರ ಅವರ ಫೋನಿನ ಕೂಗು ನಿಲ್ಲಬೇಕು. ಮುಟ್ಟದೆ ಉಳಿದ ಗುರುತಿನವರನ್ನು ಹರಿಗೋಲು ಹೋಗಿ ಕರೆತರಬೇಕು. ಹೊಣೆಯೆಲ್ಲ ನಮ್ಮ ಕೊರಳಿಗೇ ಬಂತಲ್ಲ ಎಂದು ಅಧ್ಯಕ್ಷ ಗೊಣಗಿದ. ಹೌದಪ್ಪ, ಮತ್ತೆ ಯಾರ ಕೊರಳಿಗೆ ಬರಬೇಕಿತ್ತು?

ಕೂಗಿನ ಜೊತೆ ಫೋನು ಆಡುವ ಮಾತಿಗೆ ದುಂಡವ್ವನ ದನಿಯನ್ನೇ ಹಿಡಿದಿಟ್ಟರು. ಅವಳಿಗೆ ಹೇಳಿಕೊಟ್ಟದ್ದು ಮೂರೇ ಮಾತು: ನೀರು ಬಂತು, ಕೈಯಾಗಿಂದು ಬಿಡು, ದಿಬ್ಬಕ್ಕ ಬಾ. ಅವಳು ಆ ಮೂರನ್ನೂ ಹೇಳಿ, ತಾನಾಗಿ ಇನ್ನೊಂದು ಸೇರಿಸಿದಳು. "ನಾ ಅಲ್ಲೇ ಅದೀನಿ." ಇದನ್ನು ತೆಗೆಯಬೇಕು, ನೀನು ಪ್ರತಿ ಸಲ ಅಲ್ಲಿರುತ್ತೀಯೇನು, ಸುಳ್ಳಾಗುತ್ತದೆ ಎಂದರು ಹೆಡ್‌ಮಾಸ್ತರರು. ಇರುತ್ತೇನೆ ಎಂದಳು. ಬೇಡವೆಂದರೂ ಬಿಡಲಿಲ್ಲ. ಆ ಮಾತು ಹಾಗೇ ಉಳಿಯಿತು.

ಅಜ್ಜಾರು ಇಲ್ಲಿ ನಿಲ್ಲಿಸಿದರು. ಗುರುಪಾದನ ಮುಂದೆ ಕಾಯಿಗಳು ಹಾಗೇ ಬಿದ್ದಿದ್ದವು. ಕೈ ನಿಂತಿತಲ್ಲ ಎಂದು ಅವನನ್ನು ಎಚ್ಚರಿಸಿ ಮುಂದುವರಿಸಿದರು.

ಆ ವರ್ಷದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಕೂಗು ಬಂತು. ಪರೀಕ್ಷೆಯ ಕೂಗಲ್ಲ. ಅಣೆಕಟ್ಟಿನ ಎಲ್ಲ ಬಾಗಿಲೂ ತೆರೆದಿದ್ದವು. ಹೊಳೆ ಕೆಂಪಾಗಿ ಎದ್ದು ಬಂತು.

ಎಂಜಿನಿಯರ್ ಅಂದು ಊರಿನಲ್ಲೇ, ಅಂಬಿಗರ ಓಣಿಯಲ್ಲೇ ಇದ್ದ. ಅಣೆಕಟ್ಟಿನ ಕಚೇರಿಯಿಂದ ಅವನ ಸ್ವಂತ ಫೋನಿಗೆ ಹಳೆಯ ಬರಹವೇ ಬಂತು. ಅವನೇ ಬರೆದ ಸಾಲುಗಳು, ಅವನೇ ಹಾಕಿದ ಅಂಕಿಗಳು. ಅವನು ನೋಡಿದ. ಓದಲಾಗಲಿಲ್ಲ. ಅಕ್ಷರಗಳು ಇರುವೆಯ ಹಾಗೆ ಹರಿದಾಡಿದವು. ಯಾವ ಕಡೆ ದಿಬ್ಬ ಎಂಬುದೂ ನೆನಪಾಗಲಿಲ್ಲ. ಆಗ ಪಕ್ಕದ ಮನೆಯೊಳಗಿಂದ ಒಂದು ಹೆಣ್ಣುದನಿ, ಅವಸರವಿಲ್ಲದೆ, ಒಂದಾದ ಮೇಲೆ ಒಂದು ಮಾತು ಹೇಳಿತು. ಎದುರು ಮನೆಯಿಂದಲೂ ಅದೇ ದನಿ. ಆಚೆ ಮನೆಯಿಂದಲೂ ಅದೇ. ಓಣಿಗೆ ಓಣಿಯೇ ದುಂಡವ್ವನ ದನಿಯಲ್ಲಿ ಮಾತಾಡುತ್ತಿತ್ತು. ಮುದುಕರು ಎದ್ದರು, ಬಾಣಂತಿ ಎದ್ದಳು, ಕುಂಬಾರ ಓಣಿಯಲ್ಲಿ ಲಗಮಣ್ಣ ಎದ್ದ, ಎಂಜಿನಿಯರೂ ಎದ್ದ. ಕೈಯಲ್ಲಿದ್ದದ್ದನ್ನು ಬಿಟ್ಟು ನಡೆದರು. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ, ತಮ್ಮಾ. ಯಾರಿಗೆ ಏನೂ ತಿಳಿಯದು ಎಂದಿದ್ದರೋ ಅವಳ ಮಾತು ಹಿಡಿದು ಇಡೀ ಓಣಿ ದಿಬ್ಬ ಹತ್ತಿತು.

ಕಾಶವ್ವ ಮಾತ್ರ ಹತ್ತಲಿಲ್ಲ. ಅವಳು ಪೇಟೆಯಲ್ಲಿದ್ದಳು, ದಿಬ್ಬ ಅವಳಿಗೆ ಹತ್ತಿರವಿತ್ತು. ಕೂಗು ಕೇಳಿದ್ದೇ ಬುಟ್ಟಿ ಬಿಸಾಕಿ ಕೆಳಗೆ, ಮನೆಯ ಕಡೆ ಓಡಿದಳು. ಮಗಳು ಎದ್ದು ಹೋಗಿದ್ದಾಳೋ ಇಲ್ಲವೋ. ಎಲ್ಲರೂ ಮೇಲೆ ಬರುವಾಗ ಅವಳೊಬ್ಬಳು ಕೆಳಗೆ ಹೋಗುತ್ತಿದ್ದಳು, ಯಾರು ತಡೆದರೂ ಕೊಸರಿಕೊಂಡಳು. ಮನೆ ಮುಟ್ಟುವಾಗ ನೀರು ಮೊಣಕಾಲಿಗೆ ಬಂದಿತ್ತು. ಕದ ಅರ್ಧ ಮುಚ್ಚಿತ್ತು, ಒಳಗೆ ಕತ್ತಲೆ. ದುಂಡೀ ಎಂದು ಕರೆದಳು. ಉತ್ತರವಿಲ್ಲ. ಹೆದರಿ ಮೂಲೆಯಲ್ಲಿ ಕೂತಿದ್ದರೆ? ಒಳಗೆ ಹೋಗಲು ಕಾಲೆತ್ತಿದಳು.

ಅವಳ ಉಡಿಯಲ್ಲಿ ಕಟ್ಟಿಕೊಂಡಿದ್ದ ಫೋನು ಆಗ ಮಗಳ ದನಿಯಲ್ಲಿ ಹೇಳಿತು. ನೀರು ಬಂತು. ಕೈಯಾಗಿಂದು ಬಿಡು. ದಿಬ್ಬಕ್ಕ ಬಾ. ನಾ ಅಲ್ಲೇ ಅದೀನಿ.

ಪೇಟೆಯಿಂದ ಓಡಿ ಬರುವಾಗಲೂ ಅದು ಹೇಳುತ್ತಲೇ ಇತ್ತು, ಅವಳ ಕಿವಿಗೆ ಬಿದ್ದಿರಲಿಲ್ಲ. ಈಗ ಬಿತ್ತು. ಕಾಶವ್ವ ಹೊಸ್ತಿಲ ಮೇಲೆ ನಿಂತಳು. ತನ್ನ ಮಗಳಿಗೆ ಬಹಳ ಸಂಗತಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಲ್ಲದ್ದನ್ನು ಇದೆ ಎಂದು ಹೇಳುವುದೂ ಅವಳಿಗೆ ಬರುವುದಿಲ್ಲ ಎಂಬುದು ಗೊತ್ತಿತ್ತು. ತಿರುಗಿದಳು. ನೀರಿನಲ್ಲಿ ತಡವರಿಸುತ್ತ ಓಣಿ ದಾಟಿ ದಿಬ್ಬದ ಬುಡಕ್ಕೆ ಬರುವಷ್ಟರಲ್ಲಿ ಹಿಂದೆ ಮನೆಯ ಗೋಡೆ ಕುಸಿದು ಬಿತ್ತು.

ದಿಬ್ಬದ ಮೇಲೆ ಹಲಗೆಯ ಮುಂದೆ ದುಂಡವ್ವ ನಿಂತಿದ್ದಳು. ಎಲ್ಲರಿಗಿಂತ ಮೊದಲು ಬಂದವಳು ಅವಳೇ. ಇರುತ್ತೇನೆ ಎಂದಿದ್ದಳಲ್ಲ? ತಾಯಿಯ ಮುಖವನ್ನು ಚೆನ್ನಾಗಿ ನೋಡಿದಳು. ಆಮೇಲೆ ಹುಟ್ಟುಗೋಲಿನ ಗುರುತನ್ನು ಮುಟ್ಟಿದಳು. ಕಾಶವ್ವನ ಉಡಿಯಲ್ಲಿ ಕೂಗು ನಿಂತಿತು.

"ಹೊತ್ತಾತಲ್ಲ ಯವ್ವಾ," ಎಂದಳು.

ಕಾಶವ್ವ ಮಗಳ ಕಾಲಬುಡದಲ್ಲಿ ಕುಸಿದು ಕೂತು ಅತ್ತಳು. ವರ್ಷಗಟ್ಟಲೆ ಹೊತ್ತ ಚಿಂತೆ ಅದು, ಇಳಿಯುವಾಗ ಅಷ್ಟು ಅಳು ಬೇಡವೇ?

ದುಂಡವ್ವ ಅಳಲಿಲ್ಲ, ಅವಳ ಕೆಲಸ ಮುಗಿದಿರಲಿಲ್ಲ. ಹಲಗೆಯಲ್ಲಿ ತಕ್ಕಡಿಯ ಗುರುತು ಹಾಗೇ ಉಳಿದಿತ್ತು. ಸಾಹುಕಾರ ಊರಿನಲ್ಲೇ ದೊಡ್ಡ ಈಜುಗಾರ. ಈಜಿ ಬಂದರಾಯಿತೆಂದು ಸಕ್ಕರೆ ಚೀಲ ಎತ್ತಿಡಲು ಅಂಗಡಿಯಲ್ಲೇ ಉಳಿದಿದ್ದ. ದುಂಡವ್ವ ಅಂಬಿಗರಿಗೆ ತಕ್ಕಡಿ ತೋರಿಸಿದಳು. ಅವರು ಅವಳೇ ಕೂತು ಸರಿ ಎಂದಿದ್ದ ಹರಿಗೋಲನ್ನು ಇಳಿಸಿದರು. ಅಂಗಡಿಯ ಮಾಡು ಅಪ್ಪಿಕೊಂಡು ಕೂತಿದ್ದವನನ್ನು ಕೂರಿಸಿಕೊಂಡು ಬಂದರು. ಆ ಕೆಂಪುನೀರಿನಲ್ಲಿ ಅವನಿಗೆ ಒಂದು ಕೈಯೂ ಬೀಸಲಾಗಿರಲಿಲ್ಲ. ದುಂಡವ್ವ ಅವನ ಮುಖವನ್ನೂ ನೋಡಿ ಅವನ ಗುರುತು ಮುಟ್ಟಿದಳು. ದಿಬ್ಬದ ಮೇಲೆ ಒಂದು ಫೋನೂ ಕೂಗುತ್ತಿರಲಿಲ್ಲ. ಕೆಳಗೆ ಹೊಳೆ ಮೊರೆಯುತ್ತಿತ್ತು, ಮೇಲೆ ಇಡೀ ಓಣಿ ಜೀವಂತವಾಗಿ ಕೂತಿತ್ತು. ಎಂಜಿನಿಯರ್ ಎದ್ದು ಬಂದು ಆ ಹೆಣ್ಣುಮಗಳಿಗೆ ಕೈಮುಗಿದ.

ಕತೆ ಮುಗಿಯಿತು. ಅಜ್ಜಾರು ಬಿಡಿಸಿದ ಕಾಳನ್ನು ಬುಟ್ಟಿಗೆ ಹಾಕಿದರು. ಗುರುಪಾದನ ಕಣ್ಣು ತುಂಬಿತ್ತು. ತನ್ನ ತಪ್ಪು ತಿಳಿಯಿತೆಂದೂ, ಸಮಿತಿಯಲ್ಲಿ ಅಂಥವರಿಗೆ ಖಂಡಿತ ಜಾಗ ಮಾಡಿಕೊಡುವುದಾಗಿಯೂ ಹೇಳಿದ.

"ಪಾಪ, ಅವರಿಗೆ ಈಜು ಬಾರದು. ನಾವೇ ಕೈಹಿಡಿಯಬೇಕಲ್ಲವೇ ಅಜ್ಜಾ?" ಎಂದ.

ಅಜ್ಜಾರು ಅವನನ್ನು ದಿಟ್ಟಿಸಿ ನೋಡಿದರು. ಆಮೇಲೆ ಹೇಳಿದರು:

"ನಿನ್ನ ಮನೆ ಬಾಗಿಲಿಗೆ ಹೊಳೆ ಇನ್ನೂ ಬಂದಿಲ್ಲ, ತಮ್ಮಾ, ಅದಕ್ಕೇ ನಿನಗೆ ಈಜು ಬರುತ್ತದೆ ಅಂದುಕೊಂಡಿದ್ದೀಯ."